ಮಣ್ಣಿನ ಆಟೋಕ್ರಾಸ್‌ಗೆ ಸ್ವಿಫ್ಟ್: 14 ಇಂಚೇ ಸಾಕೇ, 16 ಇಂಚಿನ ಅಲಾಯ್ ಬೇಕೇ?

ಭಾಗ್ಯನಗರ ಸ್ವಿಫ್ಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಪಕ್ಕದ ಭಾಗ್ಯನಗರದವನು. ಅಪ್ಪ ಓಡಿಸುತ್ತಿದ್ದ 2013ರ ಪೆಟ್ರೋಲ್ ಸ್ವಿಫ್ಟ್ ಈಗ ನನ್ನ ಕೈಗೆ ಬಂದಿದೆ. ಮನೆಯಲ್ಲಿ ಬೇರೆ ಕಾರು ಇರುವುದರಿಂದ ಇದನ್ನು ಆಟೋಕ್ರಾಸ್‌ಗೆ ಅಣಿ ಮಾಡಿಕೊಳ್ಳಲು ಒಪ್ಪಿಗೆಯೂ ಸಿಕ್ಕಿದೆ. ಬಿಸಿಲು ಏರುವ ಮೊದಲು ಬಳ್ಳಾರಿ ಕಡೆ ಹವ್ಯಾಸಿಗಳ ಸ್ಪರ್ಧೆಯೊಂದು ಇದೆ. ಮಣ್ಣಿನ ನೆಲ, ಒಬ್ಬೊಬ್ಬರಾಗಿ ಓಡಿಸಬೇಕು, ಯಾರ ಸಮಯ ಕಡಿಮೆಯೋ ಅವರು ಗೆದ್ದರು.

ಕಾರಿನಲ್ಲಿ ಈಗಿರುವುದು ಕಂಪನಿಯೇ ಕೊಟ್ಟ 165/80 ಆರ್14 ಅಳತೆ (ಅಗಲ 165 ಮಿ.ಮೀ., ಬದಿಯ ಎತ್ತರ ಅದರ ಶೇ 80, ರಿಮ್ 14 ಇಂಚು), ಸ್ಟೀಲ್ ರಿಮ್. ಟೈರ್ ಸವೆದಿದೆ, ಹೇಗಿದ್ದರೂ ಬದಲಿಸಬೇಕು. ಅಂಗಡಿಯವರೊಬ್ಬರು 16 ಇಂಚಿನ ಅಲಾಯ್ ಹಾಕಿಸಿ ಅದಕ್ಕೆ 205/50 ಕೂರಿಸಿಕೊಳ್ಳಿ, ತಿರುವಿನಲ್ಲಿ ನೆಲ ಬಿಡುವುದಿಲ್ಲ ಎನ್ನುತ್ತಾರೆ. ನಾನು ನೋಡಿದ ವಿಡಿಯೊಗಳಲ್ಲಿಯೂ ಎಲ್ಲರೂ ಅಗಲವಾದ, ಗಿಡ್ಡ ಟೈರನ್ನೇ ಹೊಗಳುತ್ತಾರೆ. ಗೆಳೆಯನೊಬ್ಬ ಮಾತ್ರ ರಿಮ್ ಮುಟ್ಟಬೇಡ, ಮುಂದಕ್ಕೆ ಎರಡು ರ‍್ಯಾಲಿ ಟೈರ್ ತಂದರೆ ಸಾಕು ಎಂದು ಹಟ ಹಿಡಿದಿದ್ದಾನೆ. ನನ್ನ ಬಳಿ ಇರುವ ಹಣಕ್ಕೆ ಒಳ್ಳೆಯ ರಿಮ್ ಬರುತ್ತದೆ, ಇಲ್ಲವೇ ಒಳ್ಳೆಯ ಟೈರ್ ಬರುತ್ತದೆ, ಎರಡೂ ಬರುವುದಿಲ್ಲ. ಈ ನೆಲದಲ್ಲಿ ಓಡಿಸಿ ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಕೌಲ್‌ಬಜಾರ್ ಮೆಕ್ಯಾನಿಕ್

ತಮ್ಮಾ, ಅಲಾಯ್‌ಗೆಂದು ಎತ್ತಿಟ್ಟ ಹಣವನ್ನು ಹಾಗೆಯೇ ಇಟ್ಟುಕೋ. ನಮ್ಮ ಕಡೆಯ ಮಣ್ಣಿಗೆ ನಿನ್ನ 14 ಇಂಚಿನ ಸ್ಟೀಲ್ ರಿಮ್ಮೇ ಸರಿ. ಕಾರಣ ಹೇಳುತ್ತೇನೆ, ಉದ್ದವಾದರೂ ಪೂರ್ತಿ ಓದು.

ನೀನು ನೋಡಿರುವ ವಿಡಿಯೊಗಳು ಬಹುಶಃ ಅಮೆರಿಕದವು. ಅಲ್ಲಿ ಆಟೋಕ್ರಾಸ್ ನಡೆಯುವುದು ದೊಡ್ಡ ಪಾರ್ಕಿಂಗ್ ಜಾಗಗಳಲ್ಲಿ, ಹಳೆಯ ರನ್‌ವೇಗಳಲ್ಲಿ. ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಅಲ್ಲಿ ಇಂಥ ಸ್ಪರ್ಧೆ ನಡೆಸುವ ಎಸ್‌ಸಿಸಿಎ ಸಂಸ್ಥೆ ರಸ್ತೆ ಕಾರುಗಳ ವರ್ಗದಲ್ಲಿ ಟ್ರೆಡ್‌ವೇರ್ ಅಂಕ (ಟೈರ್ ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದರ ಅಂಕಿ, ಕಡಿಮೆಯಾದಷ್ಟೂ ರಬ್ಬರ್ ಮೆತ್ತಗೆ) 200ಕ್ಕಿಂತ ಕಡಿಮೆ ಇರುವ ಟೈರನ್ನು ಬಿಡುವುದಿಲ್ಲ. ಹೀಗಾಗಿ ಅವರ ಚರ್ಚೆಯೆಲ್ಲ 200ರ ಗೆರೆಯ ಮೇಲಿರುವ ಮೆತ್ತನೆಯ ರಬ್ಬರ್, ಅಗಲ ರಿಮ್, ಗಿಡ್ಡ ಸೈಡ್‌ವಾಲ್ (ಟೈರಿನ ಬದಿಯ ಗೋಡೆ) ಕುರಿತೇ ಇರುತ್ತದೆ. ಡಾಂಬರಿನ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸತ್ಯ, ಅಲ್ಲಿ ರಬ್ಬರ್ ನೆಲಕ್ಕೆ ಅಂಟಿಕೊಂಡೇ ಹಿಡಿತ ಹುಟ್ಟಬೇಕು. ಮಣ್ಣಿನಲ್ಲಿ ಹಾಗಲ್ಲ. ಟೈರಿನ ಹಲ್ಲು ಮೇಲಿನ ಸಡಿಲ ಪದರವನ್ನು ಸೀಳಿಕೊಂಡು ಹೋಗಿ ಕೆಳಗಿನ ಗಟ್ಟಿ ನೆಲವನ್ನು ಕಚ್ಚಬೇಕು. ಅಗಲ ಟೈರ್ ಹುಡಿಯ ಮೇಲೆಯೇ ತೇಲುತ್ತದೆ. ಕಿರಿದಾದ ಟೈರ್ ಅದೇ ಭಾರವನ್ನು ಸಣ್ಣ ಜಾಗದ ಮೇಲೆ ಹೇರಿ, ಹಲಗೆ ಜಾರುವ ಕಡೆ ನೇಗಿಲು ಇಳಿಯುವ ಹಾಗೆ, ಒಳಗಿಳಿಯುತ್ತದೆ. ವಿಶ್ವ ರ‍್ಯಾಲಿಯ ದೊಡ್ಡ ಕಾರುಗಳೂ ಡಾಂಬರಿನಲ್ಲಿ 18 ಇಂಚಿನ ಚಕ್ರದ ಮೇಲೆ ಓಡುತ್ತವೆ, ಜಲ್ಲಿಯ ದಾರಿ ಬಂದರೆ 15 ಇಂಚಿಗೆ ಇಳಿಯುತ್ತವೆ. ಅಷ್ಟು ಹಣ ಸುರಿಯುವವರೇ ಮಣ್ಣಿನಲ್ಲಿ ಚಿಕ್ಕ ರಿಮ್ ಹಾಕುತ್ತಾರೆ ಎಂದರೆ ಅದಕ್ಕೆ ಕಾರಣ ಇರಲೇಬೇಕಲ್ಲವೇ?

ಈಗ ಲೆಕ್ಕ ನೋಡು. ನಿನ್ನ 165/80 ಆರ್14 ಟೈರಿನ ಸೈಡ್‌ವಾಲ್ 132 ಮಿ.ಮೀ. 205/50 ಆರ್16 ಹಾಕಿದರೆ ಅದು 103 ಮಿ.ಮೀ.ಗೆ ಇಳಿಯುತ್ತದೆ. ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿದರೂ ಕಲ್ಲಿನ ಪೆಟ್ಟು ತಡೆಯುವ ರಬ್ಬರ್ ಒಂದು ಇಂಚಿಗೂ ಹೆಚ್ಚು ಕಡಿಮೆಯಾಯಿತು. ಸಂಡೂರು ದಾರಿಯಲ್ಲಿ ಲಾರಿಯಿಂದ ಉದುರಿದ ಅದಿರಿನ ಉಂಡೆಗೆ ಬಡಿದು ಬಾಯಿ ಬಿಟ್ಟ ಅಲಾಯ್‌ಗಳು ನನ್ನಲ್ಲಿಗೆ ಬರುತ್ತಲೇ ಇರುತ್ತವೆ. ಅದೇ ಪೆಟ್ಟು ಸ್ಟೀಲ್ ರಿಮ್‌ಗೆ ಬಿದ್ದರೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಟೈರ್ ಬಿಚ್ಚಿ, ಮಡಚಿದ ತುಟಿಯನ್ನು ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ಬೀಡ್ (ರಿಮ್ ಹಿಡಿಯುವ ಟೈರಿನ ಒಳ ಅಂಚು) ಕೂರುವ ಜಾಗದ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ಸೋಪಿನ ನೀರು ಬಳಿದು ಗಾಳಿ ಹಾಕಿದರೆ ಗುಳ್ಳೆ ಏಳುತ್ತದೆಯೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ. ಮೈದಾನದ ಅಂಚಿನಲ್ಲಿ ಕುಳಿತೇ ಇದನ್ನು ಮಾಡಬಹುದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಹಾಕಿಸಿಕೊಂಡು ಸ್ಪರ್ಧೆಗೆ ಇಳಿಯುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ಆ ಕೆಲಸವನ್ನು ಎಂದಿಗೂ ಮಾಡಬೇಡ.

ಅಳತೆ ಸ್ವಲ್ಪ ಬದಲಿಸುವ ಆಸೆ ಇದ್ದರೆ 175/70 ಆರ್14 ನೋಡು. ಒಟ್ಟು ವ್ಯಾಸ 620ರಿಂದ ಸುಮಾರು 601 ಮಿ.ಮೀ.ಗೆ ಬರುತ್ತದೆ, ಅಂದರೆ ಶೇ 3ರಷ್ಟು ಕಡಿಮೆ. ಆಟೋಕ್ರಾಸ್ ಎಲ್ಲ ಒಂದನೇ, ಎರಡನೇ ಗೇರಿನ ಆಟ. ಚಕ್ರ ಚಿಕ್ಕದಾದಷ್ಟೂ ತಿರುವಿನಿಂದ ಹೊರಬರುವಾಗ ಎಂಜಿನ್ ಬೇಗ ಎಳೆಯುತ್ತದೆ. ಹಾಗೆಂದು 185/60 ಆರ್14ರವರೆಗೆ ಇಳಿಯಬೇಡ. ಎಳೆತ ಇನ್ನೂ ಚುರುಕಾಗುತ್ತದೆ, ಆದರೆ ಕಾರು ನೆಲಕ್ಕೆ 21 ಮಿ.ಮೀ. ಹತ್ತಿರವಾಗುತ್ತದೆ. ಉಳುಮೆಯ ಸಾಲು ಇರುವ ಹೊಲದಲ್ಲಿ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಪೆಟ್ಟು ತಿನ್ನುತ್ತದೆ. 13 ಇಂಚಿನ ರಿಮ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ತಿರುಗುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡದೆ ಹಣ ಕೊಡಬೇಡ. ತಾಗದಿದ್ದರೂ ನಡುವಿನ ಸಂದು ಚಿಕ್ಕದಾದರೆ ಗರಸಿನ ಕಲ್ಲು ಅಲ್ಲಿ ಸಿಕ್ಕಿಕೊಂಡು ರಿಮ್ಮನ್ನು ಒಳಗಿನಿಂದ ಕೊರೆಯುತ್ತದೆ.

ಇದೆಲ್ಲಕ್ಕಿಂತ ಮೊದಲು ಸ್ಪರ್ಧೆಯ ನೆಲ ಯಾವುದೆಂದು ತಿಳಿದುಕೋ. ಬಳ್ಳಾರಿ ಕಡೆ ಮಣ್ಣು ಎಂದರೆ ಒಂದೇ ಮಣ್ಣಲ್ಲ. ಜೋಳ, ಕಡಲೆ ತೆಗೆದ ಎರೆ ಹೊಲವಾದರೆ ಮೇಲೆ ಹಿಟ್ಟಿನಂಥ ಹುಡಿ, ಕೆಳಗೆ ಬಿರುಕು ಬಿಟ್ಟ ಗಟ್ಟಿ. ಒಣಗಿದಾಗ ರಸ್ತೆ ಟೈರಿನಲ್ಲಿಯೂ ಹೇಗೋ ಸಂಭಾಳಿಸಬಹುದು. ಆದರೆ ಧೂಳು ಅಡಗಿಸಲು ಟ್ಯಾಂಕರ್‌ನಿಂದ ನೀರು ಹೊಡೆದರೆಂದರೆ ಎರೆ ಮಣ್ಣು ಟೈರಿನ ಸಂದುಗಳಲ್ಲಿ ತುಂಬಿಕೊಂಡು ಹಲ್ಲೇ ಇಲ್ಲದಂತಾಗುತ್ತದೆ. ಅಲ್ಲಿ ಬೇಕಾಗುವುದು ಸಂದು ಅಗಲವಾಗಿರುವ, ತಿರುಗುವಾಗ ಮಣ್ಣನ್ನು ತಾನೇ ಕೊಡವಿಕೊಳ್ಳುವ ಹಲ್ಲು. ಮಸಾರಿ ನೆಲ ಇನ್ನೊಂದು ಬಗೆ. ಗಟ್ಟಿ ತಳದ ಮೇಲೆ ಸಣ್ಣ ಸಣ್ಣ ಉರುಟು ಕಲ್ಲು, ಕಾರು ಅವುಗಳ ಮೇಲೆ ಉರುಳಿಕೊಂಡು ಹೊರಕ್ಕೆ ಹೋಗುತ್ತದೆ. ಅಲ್ಲಿ ರ‍್ಯಾಲಿ ಟೈರಿನ ದಪ್ಪ ಹಲ್ಲಿಗೂ ಗಟ್ಟಿ ಸೈಡ್‌ವಾಲ್‌ಗೂ ಕೊಟ್ಟ ಹಣ ಪೂರ್ತಿ ವಸೂಲಾಗುತ್ತದೆ. ರೋಲರ್ ಹೊಡೆದ ಗರಸಿನ ನೆಲವಾದರೆ ಹಲ್ಲು ನಿಂತಿರುವ ಸಾಮಾನ್ಯ ಹೊಸ ಟೈರೇ ಚೆನ್ನಾಗಿ ಓಡುತ್ತದೆ. ಸ್ಪರ್ಧೆಗೆ ಮೊದಲು ಒಂದು ದಿನ ಹೋಗಿ ಬರಿಗಾಲಿನಲ್ಲಿ ನಡೆದು ನೋಡು, ಹಿಮ್ಮಡಿಯಿಂದ ಕೆದಕಿ ನೋಡು. ಹುಡಿ ಎಷ್ಟು ಆಳವಿದೆ ಎಂದು ಗೊತ್ತಾದರೆ ಟೈರ್ ಯಾವುದೆಂಬುದು ಅರ್ಧ ತೀರ್ಮಾನವಾದಂತೆ.

ರಾಯಚೂರು ಟೈರ್ ವ್ಯಾಪಾರಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ವ್ಯಾಪಾರದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ರ‍್ಯಾಲಿ ಟೈರ್ ಎಲ್ಲ ಅಳತೆಯಲ್ಲಿಯೂ ಬರುವುದಿಲ್ಲ. ಎಂಆರ್‌ಎಫ್, ಜೆಕೆ ಕಂಪನಿಗಳು ಮಾಡುತ್ತವೆ, ಆದರೆ ನಮ್ಮೂರಿನ ಅಂಗಡಿಗಳ ರ‍್ಯಾಕಿನಲ್ಲಿ ಇರುವ ಸರಕಲ್ಲ, ಹೇಳಿ ತರಿಸಬೇಕು. ಆದ್ದರಿಂದ ಮೊದಲು ಯಾವ ಅಳತೆ ದೊರೆಯುತ್ತದೆ ಎಂದು ಕೇಳಿ, ಆಮೇಲೆ ರಿಮ್ ಮಾತು. ರಿಮ್ ಮೊದಲು ಕೊಂಡು ಅದಕ್ಕೆ ಒಪ್ಪುವ ಟೈರ್ ಸಿಗದೆ ಅಲೆದಾಡುವವರನ್ನು ನಾನು ಬಹಳ ನೋಡಿದ್ದೇನೆ.

ಯಾರೋ ಬಳಸಿದ ಸ್ಪರ್ಧೆಯ ಟೈರ್ ಅಗ್ಗಕ್ಕೆ ಸಿಕ್ಕರೆ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಓದಿ. 2219 ಎಂದಿದ್ದರೆ 2019ರ 22ನೇ ವಾರ ತಯಾರಾದದ್ದು. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ವರ್ಷಗಟ್ಟಲೆ ಬಿದ್ದಿದ್ದ ಟೈರ್ ಹೊರಗೆ ಹೊಸದರಂತೆ ಕಂಡರೂ ರಬ್ಬರ್ ಮರಗಟ್ಟಿರುತ್ತದೆ. ಉಗುರಿನಿಂದ ಒತ್ತಿ ನೋಡಿ, ಗುರುತು ಬೀಳದಿದ್ದರೆ ಬಿಟ್ಟುಬಿಡಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಗೆಳೆಯನ ಮಾತು ನನಗೆ ಒಪ್ಪಿಗೆಯಿಲ್ಲ. ಮುಂದೆ ಹೊಸ ರ‍್ಯಾಲಿ ಟೈರ್, ಹಿಂದೆ ಸವೆದ ಹಳೆಯ ಟೈರ್ ಹಾಕಿಕೊಂಡು ಹೆದ್ದಾರಿಗೆ ಬಂದರೆ ಮಳೆ ಹನಿ ಬಿದ್ದ ರಸ್ತೆಯಲ್ಲಿ ಕಾರಿನ ಹಿಂಭಾಗ ಹೇಳದೆ ಕೇಳದೆ ಹೊರಟುಹೋಗುತ್ತದೆ. ರಸ್ತೆಗೆ ಇಳಿಯುವ ಕಾರಿನಲ್ಲಿ ಒಳ್ಳೆಯ ಜೋಡಿ ಹಿಂದೆಯೇ ಇರಬೇಕು. ಆದುದರಿಂದ ನಾಲ್ಕನ್ನೂ ಒಂದೇ ಬಗೆಯಲ್ಲಿ ತೆಗೆದುಕೊಳ್ಳಿ ಎನ್ನುವುದು ನನ್ನ ಸಲಹೆ.

ತೋರಣಗಲ್ಲು ಐ20

ನಾನು ಮಹಿಳೆಯರ ವರ್ಗದಲ್ಲಿ ಓಡಿಸುತ್ತೇನೆ. ಟೈರಿಗಿಂತ ಗಾಳಿಯಲ್ಲಿ ಸಮಯ ಕಳೆದುಕೊಳ್ಳುವವರೇ ಹೆಚ್ಚು ಎಂಬುದು ನಾನು ಕಂಡಿರುವ ಸತ್ಯ. ಬೆಳಿಗ್ಗೆ 25 ಡಿಗ್ರಿ ಇದ್ದಾಗ 28 ಪಿಎಸ್‌ಐ ತುಂಬಿಸಿದ್ದು ಮಧ್ಯಾಹ್ನ 40 ಡಿಗ್ರಿಗೆ ತಾನಾಗಿಯೇ 30 ಆಗಿರುತ್ತದೆ. ಬಿಸಿಲಿಗೆ ತೆರೆದಿಟ್ಟ ಬದಿಯ ಟೈರಿನಲ್ಲಿ ಇನ್ನೂ ಹೆಚ್ಚು. ಸಾಲಿನಲ್ಲಿ ಕಾಯುವಾಗ ಒದ್ದೆ ಗೋಣಿಚೀಲ ಹೊದಿಸಿ, ಓಡುವ ಮುನ್ನ ನಾಲ್ಕನ್ನೂ ಸ್ವಂತ ಗೇಜಿನಿಂದ ಅಳೆಯಿರಿ. ಪಂಪ್‌ಗಳ ಮೀಟರ್ ಒಂದೊಂದು ಕಡೆ ಒಂದೊಂದು ತೋರಿಸುತ್ತದೆ.

ನಿಮ್ಮ ಸರದಿ ಎಷ್ಟನೆಯದು ಎಂಬುದೂ ಮುಖ್ಯ. ಮೊದಲು ಓಡುವವರು ಹುಡಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತಾರೆ, ಅವರಿಗೆ ಹಿಡಿತ ಕಡಿಮೆ. ಹತ್ತಾರು ಕಾರು ಓಡಿದ ಮೇಲೆ ಓಡುವ ಗೆರೆಯಲ್ಲಿ ಗಟ್ಟಿ ತಳ ಹೊಳೆಯತೊಡಗುತ್ತದೆ, ಹುಡಿಯೆಲ್ಲ ತಿರುವಿನ ಹೊರಬದಿಗೆ ಗುಡ್ಡೆಯಾಗುತ್ತದೆ. ಆಗ ಗೆರೆ ಬಿಟ್ಟು ಒಂದು ಅಡಿ ಹೊರಗೆ ಹೋದರೂ ಯಾವ ಟೈರೂ ಕಾಪಾಡುವುದಿಲ್ಲ.

ಸ್ಪರ್ಧೆಯ ನಿಯಮಾವಳಿಯನ್ನು ಕೈಗೆ ತೆಗೆದುಕೊಂಡು ಓದಿ. ಕೆಲವು ವರ್ಗಗಳಲ್ಲಿ ರಸ್ತೆ ಟೈರ್ ಮಾತ್ರ ಬಿಡುತ್ತಾರೆ. ದೇಶದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಯಾದರೆ ಚಾಲಕನಿಗೆ ಪರವಾನಗಿಯೂ ಬೇಕು.

ಭಾಗ್ಯನಗರ ಸ್ವಿಫ್ಟ್

ಅಣ್ಣ, ಅಕ್ಕ, ಎಲ್ಲರಿಗೂ ಧನ್ಯವಾದ. ಅಲಾಯ್ ಯೋಚನೆ ಬಿಟ್ಟೆ. ಸಂಘಟಕರಿಗೆ ಫೋನ್ ಮಾಡಿ ಕೇಳಿದೆ: ಮಸಾರಿ ನೆಲ, ನನ್ನ ವರ್ಗದಲ್ಲಿ ಟೈರಿಗೆ ನಿರ್ಬಂಧವಿಲ್ಲ. ನಾಲ್ಕು ರ‍್ಯಾಲಿ ಟೈರ್ ನನ್ನ ಕೈಗೆ ನಿಲುಕುವುದಿಲ್ಲ. ರಸ್ತೆಗೂ ನಾಲ್ಕು ಟೈರ್ ಬೇಕೇ ಬೇಕು, ಕಾರು ಓಡಿಸಿಕೊಂಡೇ ಬರಬೇಕು. ಏನು ಮಾಡಲಿ?

ಕೌಲ್‌ಬಜಾರ್ ಮೆಕ್ಯಾನಿಕ್

ರಾಯಚೂರಿನವರ ಎಚ್ಚರಿಕೆ ಸರಿಯಾದದ್ದು, ನಿನ್ನ ಗೆಳೆಯನ ಮಾತೂ ಸುಳ್ಳಲ್ಲ. ಎರಡಕ್ಕೂ ಒಪ್ಪುವ ದಾರಿಯೊಂದಿದೆ. ರಸ್ತೆಗೆ ಕಂಪನಿಯ ಅಳತೆಯ ನಾಲ್ಕು ಸಾಮಾನ್ಯ ಟೈರ್ ಹೊಸದಾಗಿ ಹಾಕಿಸು. ಅದರ ಜೊತೆಗೆ ಹಳೆಯ ಸ್ವಿಫ್ಟ್ ಬಿಚ್ಚಿದವರಿಂದ ಎರಡು ಸ್ಟೀಲ್ ರಿಮ್ ಕೊಂಡುಕೋ, ಗುಜರಿ ಬೆಲೆಗಿಂತ ಸ್ವಲ್ಪ ಮೇಲೆ ಸಿಗುತ್ತವೆ. ಅವಕ್ಕೆ ಮಾತ್ರ ರ‍್ಯಾಲಿ ಟೈರ್ ಕೂರಿಸು. ಹಿಂದಿನ ಸೀಟು ಮಡಚಿದರೆ ಎರಡೂ ಡಿಕ್ಕಿಯಲ್ಲಿ ಹಿಡಿಯುತ್ತವೆ. ಮೈದಾನಕ್ಕೆ ಬಂದು ಜಾಕ್ ಕೊಟ್ಟು ಮುಂದಕ್ಕೆ ಹಾಕು, ಸ್ಪರ್ಧೆ ಮುಗಿದ ಮೇಲೆ ತೆಗೆದು ರಸ್ತೆ ಟೈರ್ ಮೇಲೆಯೇ ಊರು ಸೇರು. ಕೊಪ್ಪಳದಿಂದ ಹೊಸಪೇಟೆ ದಾಟಿ ಬಳ್ಳಾರಿಗೆ ಬರುವ 67ನೇ ರಾಷ್ಟ್ರೀಯ ಹೆದ್ದಾರಿ ಲಾರಿಗಳ ದಾರಿ. ಆ ದಪ್ಪ ಹಲ್ಲಿನ ಟೈರ್ ಮೇಲೆ ಅಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತುವ ಸಂದರ್ಭ ಬರಲೇಬಾರದು.

ರಿಮ್ ಕೊಳ್ಳುವಾಗ ಹೆಸರು ನಂಬಬೇಡ, ಅಳೆದು ನೋಡು. ನಿನ್ನ ಕಾರಿಗೆ ನಾಲ್ಕು ತೂತು, 100 ಮಿ.ಮೀ. ಪಿಸಿಡಿ (ಆ ತೂತುಗಳ ನಡುವನ್ನು ಹಾದು ಹೋಗುವ ವೃತ್ತದ ವ್ಯಾಸ), ನಡುವಿನ ರಂಧ್ರ 54.1 ಮಿ.ಮೀ. ನಡುವಿನ ರಂಧ್ರ ದೊಡ್ಡದಿದ್ದರೆ ರಿಮ್ ಹಬ್ ಮೇಲೆ ಕೂರದೆ ಬೋಲ್ಟಿನ ಮೇಲೆಯೇ ತೂಗಾಡುತ್ತದೆ. ರ‍್ಯಾಲಿ ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಎಡ, ಬಲ ಗುರುತು ಹಾಕಿಡು. ಮೈದಾನದ ಗಡಿಬಿಡಿಯಲ್ಲಿ ಅದಲು ಬದಲಾಗುವುದು ಇಲ್ಲಿಯೇ.

ಮುಂದೆ ರ‍್ಯಾಲಿ, ಹಿಂದೆ ರಸ್ತೆ ಟೈರ್ ಇದ್ದಾಗ ಮೈದಾನದಲ್ಲಿ ಹಿಂಭಾಗ ಬೇಗ ಹೊರಳುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಬಿಗಿ ತಿರುವಿನಲ್ಲಿ ಅದು ವರವೇ ಸರಿ, ಇಲ್ಲದಿದ್ದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ಆದರೆ ಉದ್ದನೆಯ ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಒಮ್ಮೆಲೇ ಬಿಡಬೇಡ, ಹಿಂದಿನದು ಮುಂದಕ್ಕೆ ಬಂದುಬಿಡುತ್ತದೆ. ಮೊದಲ ಓಟಕ್ಕೆ ಮುಂದೆ 26, ಹಿಂದೆ 30 ಪಿಎಸ್‌ಐ ಗಾಳಿ ಇಟ್ಟು ಹೊರಡು. ಹೊರಡುವ ಮುನ್ನ ಮುಂದಿನ ಟೈರಿನ ಭುಜದಿಂದ (ಹಲ್ಲು ಮುಗಿದು ಬದಿ ಶುರುವಾಗುವ ಅಂಚು) ಸೈಡ್‌ವಾಲ್‌ವರೆಗೆ ಚಾಕ್‌ಪೀಸಿನಿಂದ ಅಡ್ಡ ಗೆರೆ ಎಳೆ. ಓಡಿ ಬಂದಾಗ ಗೆರೆ ಭುಜದ ಅಂಚಿನವರೆಗೆ ಮಾತ್ರ ಅಳಿಸಿದ್ದರೆ ಸರಿ. ಸೈಡ್‌ವಾಲ್ ಮೇಲೂ ಅಳಿಸಿದ್ದರೆ ಟೈರ್ ಮಗುಚಿಕೊಳ್ಳುತ್ತಿದೆ, ಎರಡು ಪಿಎಸ್‌ಐ ಏರಿಸು. ಭುಜದ ಮೇಲಿನ ಗೆರೆ ಹಾಗೆಯೇ ಉಳಿದಿದ್ದರೆ ಎರಡು ಇಳಿಸು. 24ರ ಕೆಳಗೆ ಮಾತ್ರ ಹೋಗಬೇಡ, ಕಲ್ಲಿಗೆ ಬಡಿದಾಗ ಬೀಡ್ ರಿಮ್ ಬಿಟ್ಟು ಕಳಚುತ್ತದೆ.

ರಿಮ್ ಸಿಕ್ಕಿದ ಮೇಲೆ ಟೈರ್ ಕೂರಿಸುವ ಮೊದಲೇ ನನ್ನ ಗ್ಯಾರೇಜಿಗೆ ತಂದುಬಿಡು. ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ಅಂಚು ನೇರ ಇದೆಯೇ ಎಂದು ನೋಡೋಣ.