ಕಂದಕ ತೋಡದೆ ಒಳಚರಂಡಿ ಪೈಪ್ ಬದಲಾವಣೆ: ಲೈನಿಂಗ್ ಸಾಕೇ?

ಹಳೆಮನೆ_ಓಹಿಯೋ:
ನಮ್ಮದು 1955ರಲ್ಲಿ ಕಟ್ಟಿದ ಮನೆ. ಮೇಲೆ ಫ್ಲಶ್ ಮಾಡಿದರೆ ನೆಲಮಾಳಿಗೆಯ ಜಾಲರಿಯಲ್ಲಿ ಗೊಳಗೊಳ ಸದ್ದು. ಮಳೆಯ ದಿನ ನೀರೇ ಉಕ್ಕುತ್ತದೆ. ಒಂದೇ ವರ್ಷದಲ್ಲಿ ಮೂರು ಸಲ ಪೈಪಿನೊಳಗೆ ನುಗ್ಗಿದ ಬೇರು ಕತ್ತರಿಸಿ ಹೋದರು. ರಸ್ತೆಯ ಮುಖ್ಯ ಕೊಳವೆಯವರೆಗೆ ಸುಮಾರು 60 ಅಡಿ, 4 ಇಂಚಿನ ಪೈಪ್. ಅರ್ಧ ದೂರ ಕಾಂಕ್ರೀಟ್ ಹಾಸು, ಪಕ್ಕದಲ್ಲಿ ದೊಡ್ಡ ಮೇಪಲ್ ಮರ. ಗುತ್ತಿಗೆದಾರನೊಬ್ಬ ಒಳಗೆ ರೆಸಿನ್ (ಗಟ್ಟಿಯಾಗುವ ಅಂಟು) ಲೈನಿಂಗ್ ಹಾಕಿದರೆ ಮುಗಿಯಿತು ಎನ್ನುತ್ತಾನೆ. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ತೆಗೆದ ವಿಡಿಯೋ ಕೇಳಿದರೆ ಮಾತು ಮರೆಸುತ್ತಾನೆ. ಒಪ್ಪಿಕೊಳ್ಳಲೇ?

ಕೊಳವೆ_ಕಾಯಕ:
ವಿಡಿಯೋ ಕೊಡದವನಿಗೆ ಮುಂಗಡ ಕೊಡಬೇಡಿ. ರೆಸಿನ್‌ನಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ತೂರಿಸಿ, ಉಬ್ಬಿಸಿ, ಗಟ್ಟಿ ಮಾಡುವುದೇ ಲೈನಿಂಗ್. 1971ರಲ್ಲಿ ಲಂಡನ್ನಿನಲ್ಲಿ ಶುರುವಾದ ವಿದ್ಯೆ, ಒಳ್ಳೆಯದೇ. ಆದರೆ ಅದು ಹಳೆಯ ಪೈಪಿನ ಅಚ್ಚನ್ನೇ ತಳೆಯುತ್ತದೆ: ಪೈಪ್ ಚಪ್ಪಟೆಯಾಗಿದ್ದರೆ ಲೈನಿಂಗೂ ಚಪ್ಪಟೆ. ಮನೆಯ ವಯಸ್ಸು ನೋಡಿದರೆ ನನಗೆ ಆರೆಂಜ್‌ಬರ್ಗ್ ಪೈಪಿನ ಅನುಮಾನ. ಮರದ ತಿರುಳಿಗೆ ಕಲ್ಲಿದ್ದಲ ಡಾಂಬರು ಕುಡಿಸಿ ಮಾಡಿದ್ದದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಧಾರಾಳವಾಗಿ ಹೂತರು. ಕಾಗದದ ಪೈಪ್ ಎಂದರೂ ತಪ್ಪಿಲ್ಲ. ಮೊದಲು ಬೇರೆಯವರಿಂದ ಕ್ಯಾಮೆರಾ ಬಿಡಿಸಿ.

ಹಳೆಮನೆ_ಓಹಿಯೋ:
ಬಿಡಿಸಿದೆ. ಕಪ್ಪು ಒಳಮೈ, ಅಲ್ಲಲ್ಲಿ ಗುಳ್ಳೆ, ದುಂಡಗಿರಬೇಕಾದದ್ದು ಮೊಟ್ಟೆಯ ಆಕಾರ. 38ನೇ ಅಡಿಯಿಂದ 44ರವರೆಗೆ ಕ್ಯಾಮೆರಾ ನೀರಿನಲ್ಲಿ ಮುಳುಗಿಯೇ ಸಾಗಿತು. ಆ ಜಾಗ ಕಾಂಕ್ರೀಟ್ ದಾಟಿ ಹುಲ್ಲಿನಲ್ಲಿದೆ.

ಕೊಳವೆ_ಕಾಯಕ:
ಹಾಗಾದರೆ ಲೈನಿಂಗ್ ಮರೆತುಬಿಡಿ, ಪೈಪ್ ಬರ್ಸ್ಟಿಂಗ್ ಮಾಡಿಸಿ. ಎರಡು ತುದಿಯಲ್ಲಿ ಒಂದೊಂದು ಗುಂಡಿ ಮಾತ್ರ. ಶಂಕುವಿನಂಥ ಉಕ್ಕಿನ ತಲೆಯನ್ನು ಕೇಬಲ್ ಕಟ್ಟಿ ಎಳೆದರೆ ಅದು ಹಳೆಯ ಪೈಪನ್ನು ಸೀಳಿ ಸುತ್ತಲಿನ ಮಣ್ಣಿಗೆ ಒತ್ತುತ್ತದೆ, ಹೊಸ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಬಾಲದಂತೆ ಹಿಂದೆಯೇ ಬರುತ್ತದೆ. ಕೀಲುಗಳನ್ನು ಕಾಯಿಸಿ ಬೆಸೆದಿರುವುದರಿಂದ ಮೇಪಲ್ ಬೇರಿಗೆ ಸಂದಿ ಸಿಗುವುದಿಲ್ಲ.

ತೊಡಕಿರುವುದು ಆ ಆರು ಅಡಿಯಲ್ಲಿ. ಅಲ್ಲಿ ತಳ ಕುಸಿದಿದೆ. ಹೊಸ ಪೈಪ್ ಕೂಡ ಹಳೆಯ ದಾರಿಯನ್ನೇ ಹಿಡಿಯುವುದರಿಂದ ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಅಲ್ಲೊಂದು ಗುಂಡಿ ತೋಡಿಸಿ, ತಳಕ್ಕೆ ಜಲ್ಲಿ ಬಡಿದು, ಅಡಿಗೆ ಕಾಲು ಇಂಚಿನ ಇಳಿಜಾರು ಕೊಡಿಸಿ. ಗುತ್ತಿಗೆದಾರ ‘ಅಗೆಯುವುದೇ ಬೇಡ’ ಎಂದು ಹಟ ಹಿಡಿದರೆ ಆತನನ್ನೇ ಬೇಡ ಎನ್ನಿ.

ಅಗೆಯುವ ಮೊದಲು 811ಕ್ಕೆ, ಅಂದರೆ ನೆಲದಡಿಯ ಮಾರ್ಗಗಳನ್ನು ಗುರುತಿಸಿಕೊಡುವ ಅಮೆರಿಕದ ಸಹಾಯವಾಣಿಗೆ, ಕರೆ ಮಾಡಬೇಕು. ಅವರು ಗುರುತು ಹಾಕುವುದು ಕಂಪನಿಗಳ ಗ್ಯಾಸ್, ವಿದ್ಯುತ್ ಮಾರ್ಗಗಳಿಗೆ. ಹುಲ್ಲಿಗೆ ನೀರು ಚಿಮ್ಮಿಸುವ ನಿಮ್ಮದೇ ಸ್ಪ್ರಿಂಕ್ಲರ್ ಕೊಳವೆಯನ್ನು ನೀವೇ ಹುಡುಕಬೇಕು. ಪೈಪ್ ಸೀಳುವಾಗ ಮಣ್ಣು ಪಕ್ಕಕ್ಕೆ ಸರಿಯುವುದರಿಂದ ಹತ್ತಿರ ಹಾಯುವ ಗ್ಯಾಸ್ ಮಾರ್ಗವನ್ನು ಮೊದಲೇ ತೆರೆದು ನೋಡಿಕೊಳ್ಳಬೇಕು. ಇನ್ನೊಂದು: ಮಳೆಯ ದಿನ ನೀರು ಉಕ್ಕುವುದು ರಸ್ತೆಯ ಕೊಳವೆ ತುಂಬಿಯೂ ಇರಬಹುದು. ಹೇಗೂ ಗುಂಡಿ ತೆರೆದಿರುತ್ತದೆ, ಹಿಮ್ಮುಖ ಹರಿವು ತಡೆಯುವ ಕವಾಟವನ್ನೂ ಹಾಕಿಸಿಬಿಡಿ.

ಹಳೆಮನೆ_ಓಹಿಯೋ:
ಮೂರು ಗುಂಡಿ, ಎರಡು ದಿನದ ಕೆಲಸ. ಕಾಂಕ್ರೀಟಿಗೆ ಏನೂ ಆಗಲಿಲ್ಲ. ಸ್ಪ್ರಿಂಕ್ಲರ್ ಕೊಳವೆಯೊಂದು ತುಂಡಾಯಿತು. ನೀವು ಹೇಳಿದ್ದರೂ ನಾನು ಹುಡುಕಿರಲಿಲ್ಲ. ಕಳೆದ ವಾರ ಜೋರು ಮಳೆ ಸುರಿಯಿತು. ರಾತ್ರಿ ಎರಡು ಸಲ ಟಾರ್ಚ್ ಹಿಡಿದು ಇಳಿದು ನೋಡಿದೆ, ಜಾಲರಿ ಒಣಗಿಯೇ ಇತ್ತು.