ಸಹಾಯ ಬೇಕು: ಬಿರುಕು ನಿಲ್ಲಿಸುವ ತೂತನ್ನು ಮಕ್ಕಳಿಗೆ ಮಾಡಿ ತೋರಿಸುವುದು ಹೇಗೆ?

ನಮಸ್ಕಾರ. ಬಿರುಕು ಹೇಗೆ ಬೆಳೆಯುತ್ತದೆ ಅಂತ ಪಿಯುಸಿ ಮಕ್ಕಳಿಗೆ ಕಣ್ಣಾರೆ ತೋರಿಸಬೇಕು, ಸುಮ್ನೆ ಬೋರ್ಡಿನ ಮೇಲೆ ಬರೆದರೆ ಸಾಲದು. ತುದಿ ಚೂಪಾದಷ್ಟೂ ಅಲ್ಲಿ ಸ್ಟ್ರೆಸ್ (ಎಳೆದಾಗ ವಸ್ತುವಿನೊಳಗೆ ಹುಟ್ಟುವ ಬಿಗಿತ) ಜಾಸ್ತಿ ಅಂತ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ 1913ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದಕ್ಕೇ ತುದಿಯಲ್ಲಿ ದುಂಡನೆ ತೂತು ಕೊರೆದರೆ ಬಿರುಕು ಬಹಳ ಸಲ ಅಲ್ಲೇ ನಿಲ್ಲುತ್ತದೆ, ವಿಮಾನದ ತಗಡಿಗೂ ಹೀಗೇ ಮಾಡುತ್ತಾರೆ ಅಲ್ವಾ. ಇದನ್ನು 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಮಾಡಬೇಕು ಅಂತಿದ್ದೇನೆ. ತೂತು ಎಷ್ಟು ಅಗಲ ಇರಬೇಕು? ಕೊರೆಯುವಾಗಲೇ ಸುತ್ತ ಹೊಸ ಬಿರುಕು ಏಳದ ಹಾಗೆ ಏನು ಮಾಡಬೇಕು?

ಇನ್ನೊಂದು. ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿ ಹೊಸ ಮೇಲ್ಮೈ ಮಾಡಲು ಸಾಕಾದರೆ ಮಾತ್ರ ಅದು ಮುಂದೆ ಹೋಗುತ್ತದೆ ಅನ್ನುವ ಎಂಜಿನಿಯರ್ ಗ್ರಿಫಿತ್ ಅವರ ಶಕ್ತಿಯ ಲೆಕ್ಕ ಗಾಜಿಗೆ ಸರಿಹೋಗುತ್ತದೆ, ಉಕ್ಕಿಗೆ ಹಾಗೇ ಹಾಕಿದರೆ ಹೊಂದುವುದಿಲ್ಲ, ಯಾಕೆಂದರೆ ಉಕ್ಕು ಬಿರುಕಿನ ತುದಿಯಲ್ಲಿ ಹಿಗ್ಗಿ ತುಂಬಾ ಶಕ್ತಿ ನುಂಗುತ್ತದೆ. ನನಗೆ ಇದೇ ಮುಖ್ಯ. ಸಮೀಕರಣ ಇಲ್ಲದೆ ಇದನ್ನು ತೋರಿಸುವ ಪ್ರಯೋಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಕ್ರಿಲಿಕ್‌ನೊಳಗಿನ ಸ್ಟ್ರೆಸ್ ಬಣ್ಣವಾಗಿ ಕಾಣಲು ಎರಡು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಯಾರಾದರೂ ಎರವಲು ಕೊಟ್ಟರೂ ದೊಡ್ಡ ಉಪಕಾರ.