ರಕ್ತದಾನ, ರಕ್ತ ಪರೀಕ್ಷೆ, ರಕ್ತ ಏರಿಸುವುದು: ತಾಲ್ಲೂಕು ಮಟ್ಟದ ಪ್ರಶ್ನೋತ್ತರ

ಶಿಬಿರ ನಡೆಸುವವರು, ತಾಲ್ಲೂಕು ಆಸ್ಪತ್ರೆಗಳ ಲ್ಯಾಬ್ ಮತ್ತು ವಾರ್ಡಿನವರು ಗುಂಪಿನಲ್ಲಿ ಹಾಕಿದ ಪ್ರಶ್ನೆಗಳಿಗೆ ರಕ್ತ ಕೇಂದ್ರದ ವೈದ್ಯರೊಬ್ಬರು ಮತ್ತು ಹಿರಿಯ ಲ್ಯಾಬ್ ತಂತ್ರಜ್ಞೆಯೊಬ್ಬರು ಉತ್ತರಿಸಿದ್ದಾರೆ. ಬ್ಲಡ್ ಬ್ಯಾಂಕಿಗೇ 2020ರ ತಿದ್ದುಪಡಿಯಿಂದ ರಕ್ತ ಕೇಂದ್ರ ಎಂಬ ಹೆಸರು.

ಪ್ರಶ್ನೆ (ಯುವಕ ಸಂಘದ ಕಾರ್ಯದರ್ಶಿ): ಡಾಕ್ಟ್ರೇ, ಶಿಬಿರಕ್ಕೆ ಹುರುಪಿನಿಂದ ಬಂದವರಲ್ಲಿ ಎಷ್ಟೋ ಮಂದಿಯನ್ನು ಮೇಜಿನ ಹತ್ತಿರವೇ ವಾಪಸ್ ಕಳಿಸುತ್ತಾರೆ. ಹುಡುಗರಿಗೆ ಬೇಜಾರಾಗುತ್ತದೆ. ಮೊದಲೇ ತಿಳಿಸಲು ಏನೇನು ಬರೆಯಬೇಕು?

ಉತ್ತರ (ವೈದ್ಯರು): ಕರಪತ್ರದಲ್ಲೇ ಬರೆದುಬಿಡಿ. ವಯಸ್ಸು 18ರಿಂದ 65. ಮೊದಲ ಸಲ ಕೊಡುವವರಾದರೆ 60ರ ಒಳಗೆ. ತೂಕ ಕನಿಷ್ಠ 45 ಕಿಲೋ ಇದ್ದರೆ 350 ಮಿ.ಲೀ., 55 ಕಿಲೋ ಮೀರಿದ್ದರೆ 450 ಮಿ.ಲೀ. ತೆಗೆಯಬಹುದು. ಹಿಮೋಗ್ಲೋಬಿನ್ 12.5 ಇರಲೇಬೇಕು, ಹೆಂಗಸರಿಗೂ ಅಷ್ಟೇ. ಹಿಂದಿನ ದಾನದಿಂದ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು.

ತಾತ್ಕಾಲಿಕವಾಗಿ ನಿಲ್ಲಿಸುವ ಕಾರಣಗಳೇ ಹಳ್ಳಿ ಕಡೆ ಹೆಚ್ಚು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ, ನಾಯಿ ಕಚ್ಚಿ ಇಂಜೆಕ್ಷನ್ ತಗೊಂಡಿದ್ದರೆ ಒಂದು ವರ್ಷ, ಟೈಫಾಯ್ಡ್ ವಾಸಿಯಾದ ಮೇಲೆ ಒಂದು ವರ್ಷ, ಮಲೇರಿಯಾ ಆದರೆ ಮೂರು ತಿಂಗಳು, ಡೆಂಗಿ ಆದರೆ ಆರು ತಿಂಗಳು ಕಾಯಬೇಕು. ಹೆರಿಗೆಯಾಗಿ ವರ್ಷ ತುಂಬದವರು ಬರುವುದು ಬೇಡ. ಹೆಪಟೈಟಿಸ್ ಬಿ ಅಥವಾ ಸಿ ಇದೆ ಎಂದು ಗೊತ್ತಿರುವವರು ಯಾವತ್ತೂ ಕೊಡುವಂತಿಲ್ಲ.

ಇನ್ನೊಂದು, ಉಪವಾಸ. ಸೋಮವಾರ, ಶನಿವಾರ, ಏಕಾದಶಿಯ ದಿನ ಶಿಬಿರ ಇಡಬೇಡಿ. ಊಟ ಮಾಡಿ ನಾಲ್ಕು ಗಂಟೆ ಮೀರಿರಬಾರದು. ರಾತ್ರಿ ಪಾಳಿ ಮುಗಿಸಿ ನೇರ ಬಂದವರನ್ನು ಕೂಡಿಸಬೇಡಿ. ಸೂಜಿ ಹಾಕುವ ಮೊದಲು ಎರಡು ಲೋಟ ನೀರು ಕುಡಿಸಿದರೆ ತಲೆ ಸುತ್ತಿ ಬೀಳುವವರು ಕಡಿಮೆ. ಆದಮೇಲೆ ಹದಿನೈದು ನಿಮಿಷ ಕುರ್ಚಿಯಲ್ಲೇ ಇರಲಿ. ಫೋಟೋಗೆ ಎಂದು ತಕ್ಷಣ ಎಬ್ಬಿಸಿ ನಿಲ್ಲಿಸಿದಾಗಲೇ ಹೆಚ್ಚಿನವರು ಕುಸಿಯುವುದು.

ಪ್ರಶ್ನೆ (ಅದೇ ಸಂಘದವರು): ಬೆರಳು ಚುಚ್ಚಿ ನೀಲಿ ನೀರಿಗೆ ಹಾಕಿ ನೋಡುತ್ತಾರಲ್ಲ, ಅದು ನಂಬಬಹುದಾದ ಪರೀಕ್ಷೆಯೇ?

ಉತ್ತರ (ತಂತ್ರಜ್ಞೆ): ಅದು 1.053 ಸಾಂದ್ರತೆಯ ಕಾಪರ್ ಸಲ್ಫೇಟ್ ದ್ರಾವಣ. ಹನಿ 15 ಸೆಕೆಂಡಿನೊಳಗೆ ಮುಳುಗಿದರೆ ಹಿಮೋಗ್ಲೋಬಿನ್ 12.5 ಅಥವಾ ಮೇಲಿದೆ ಎಂದರ್ಥ. ಸರಿಯಾಗಿ ಮಾಡಿದರೆ ನಂಬಬಹುದು. ಕೆಡುವುದು ಎಲ್ಲಿ ಅಂದರೆ, ಬೆಳಗ್ಗೆ ಸುರಿದ 30 ಮಿ.ಲೀ. ದ್ರಾವಣದಲ್ಲೇ ಮಧ್ಯಾಹ್ನದವರೆಗೆ ಎಲ್ಲರನ್ನೂ ನೋಡುವುದು. 25 ಹನಿಗೆ ಬದಲಾಯಿಸಬೇಕು. ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆದರೆ ಅದರ ಜೊತೆ ಮೈನೀರೂ ಬಂದು, ಆರೋಗ್ಯವಂತನ ಹನಿಯೂ ತೇಲುತ್ತದೆ.

ಪ್ರಶ್ನೆ (ಕಾಲೇಜು ಎನ್‌ಎಸ್‌ಎಸ್ ಅಧಿಕಾರಿ): ತೆಗೆದ ರಕ್ತವನ್ನೆಲ್ಲ ಹೇಗೂ ಪರೀಕ್ಷೆ ಮಾಡುತ್ತಾರೆ. ಹಾಗಿದ್ದ ಮೇಲೆ ವಿದ್ಯಾರ್ಥಿಗಳಿಗೆ ಅಷ್ಟೊಂದು ಖಾಸಗಿ ಪ್ರಶ್ನೆ ಕೇಳುವುದು ಯಾಕೆ ಸರ್? ಮುಜುಗರಪಡುತ್ತಾರೆ.

ಉತ್ತರ (ವೈದ್ಯರು): ಇಡೀ ವ್ಯವಸ್ಥೆ ನಿಂತಿರುವುದೇ ಆ ಪ್ರಶ್ನೆಗಳ ಮೇಲೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಪ್ರತಿ ಯೂನಿಟ್ಟಿಗೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಆದರೆ ಸೋಂಕು ತಗುಲಿದ ಮರುದಿನವೇ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು. ರಕ್ತದಲ್ಲಿ ವೈರಾಣು ಇದ್ದೂ ಪರೀಕ್ಷೆಗೆ ಸಿಗದ ಈ ಅವಧಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಎಚ್‌ಐವಿಗೆ ಮೂರನೇ ತಲೆಮಾರಿನ ಎಲೈಸಾದಲ್ಲಿ (ಪ್ಲೇಟಿನ ಪುಟ್ಟ ಬಾವಿಗಳಲ್ಲಿ ಬಣ್ಣ ನೋಡಿ ಪ್ರತಿಕಾಯ ಹಿಡಿಯುವ ಪರೀಕ್ಷೆ) ಇದು ಸುಮಾರು ಮೂರು ವಾರ. ಪ್ರತಿಜನಕವನ್ನೂ (ವೈರಾಣುವಿನದೇ ಪ್ರೋಟೀನು) ಹಿಡಿಯುವ ನಾಲ್ಕನೇ ತಲೆಮಾರಿನದರಲ್ಲಿ ಎರಡು ವಾರಕ್ಕೆ ತುಸು ಹೆಚ್ಚು. ಹೆಪಟೈಟಿಸ್ ಬಿಗೆ ಒಂದು ತಿಂಗಳು ದಾಟುತ್ತದೆ. ಹೆಪಟೈಟಿಸ್ ಸಿ ಪ್ರತಿಕಾಯ ಕಾಣಿಸಿಕೊಳ್ಳಲು ಎರಡು ತಿಂಗಳಾದರೂ ಬೇಕು. ವೈರಾಣುವಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಬಹಳ ಕುಗ್ಗಿಸುತ್ತದೆ. ಆದರೆ ಅದು ಇಲ್ಲಿ ಕಡ್ಡಾಯವಲ್ಲ, ದುಬಾರಿ, ಎಲ್ಲ ಕೇಂದ್ರಗಳಲ್ಲೂ ಇಲ್ಲ. ನ್ಯಾಟ್ ಮಾಡಿದರೂ ಅವಧಿ ಸೊನ್ನೆಯಾಗುವುದಿಲ್ಲ.

ಹೀಗಾಗಿ ಆ ಕೆಲವು ವಾರಗಳ ಮಟ್ಟಿಗೆ ರೋಗಿಯನ್ನು ಕಾಯುವುದು ದಾನಿಯ ನಿಜವಾದ ಮಾತು ಮಾತ್ರ. ಒಂದು ಯೂನಿಟ್ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದರೆ ಮುಚ್ಚಿಟ್ಟ ಒಂದು ಸಂಗತಿ ಮೂವರಿಗೆ ತಲುಪುತ್ತದೆ. ದುಡ್ಡಿಗೆ ರಕ್ತ ಕೊಡುವವನಿಗೆ ಸತ್ಯ ಹೇಳಿದರೆ ನಷ್ಟ, ಆದ್ದರಿಂದ ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಅಂಥ ದಾನ ನಿಷಿದ್ಧವಾದದ್ದರ ಹಿಂದೆ ಈ ಲೆಕ್ಕವೂ ಇದೆ. "ನೀವು ಒಂದು ಯೂನಿಟ್ ಕೊಟ್ಟರೆ ನಾವು ಒಂದು ಕೊಡುತ್ತೇವೆ" ಎಂದು ರೋಗಿಯ ನೆಂಟರ ಮೇಲೆ ಒತ್ತಡ ಹಾಕುವುದೂ ಅಷ್ಟೇ ಅಪಾಯ. ಮಾವ ಪಕ್ಕದಲ್ಲಿ ನಿಂತಿರುವಾಗ ಅಳಿಯ ಯಾವ ಗುಟ್ಟನ್ನು ಬಾಯಿಬಿಡುತ್ತಾನೆ?

ನಿಮ್ಮಿಂದ ಆಗಬೇಕಾದ್ದು ಇಷ್ಟು. ಪ್ರಶ್ನೆ ಕೇಳುವ ಮೇಜನ್ನು ಬೇರೆ ಕೋಣೆಯಲ್ಲಿಡಿ, ಗೆಳೆಯರ ಗುಂಪು ಹತ್ತಿರ ಬರದಂತೆ ನೋಡಿಕೊಳ್ಳಿ. ರಕ್ತ ಕೊಟ್ಟರೆ ಹಾಜರಾತಿ, ಅಂಕ, ಬೆಲೆಬಾಳುವ ಉಡುಗೊರೆ ಎಂದು ಘೋಷಿಸಬೇಡಿ. ಎಚ್‌ಐವಿ ಪರೀಕ್ಷೆ ಪುಕ್ಕಟೆ ಆಗುತ್ತದೆ ಎಂಬ ಆಸೆಗೆ ಬರುವವರಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ) ಕೇಂದ್ರ ತೋರಿಸಿ. ಅಲ್ಲಿ ಉಚಿತ, ಗುಟ್ಟೂ ಉಳಿಯುತ್ತದೆ. ಕೊಟ್ಟು ಮನೆಗೆ ಹೋದ ಮೇಲೆ ಮನಸ್ಸು ಕುಟುಕಿದರೆ ರಕ್ತ ಕೇಂದ್ರಕ್ಕೆ ಫೋನ್ ಮಾಡಿ "ನನ್ನದನ್ನು ಬಳಸಬೇಡಿ" ಎಂದರೆ ಸಾಕು ಎಂಬುದನ್ನೂ ಎಲ್ಲರಿಗೂ ಹೇಳಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್): ಮೇಡಂ, ಎಲೈಸಾದಲ್ಲಿ ಕೆಲವು ದಿನ ಸಾಲುಸಾಲು ಬಾವಿಗಳು ರಿಯಾಕ್ಟಿವ್ (ಸೋಂಕಿನ ಸೂಚನೆ) ಬರುತ್ತವೆ, ಮರುದಿನ ಅದೇ ಸ್ಯಾಂಪಲ್ ನೆಗೆಟಿವ್. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ತಂತ್ರಜ್ಞೆ): ಮೊದಲ ಅನುಮಾನ ವಾಷರ್, ಅಂದರೆ ಬಾವಿ ತೊಳೆಯುವ ಯಂತ್ರದ ಮೇಲೆ. ಒಂದು ನಾಜಲ್ ಕಟ್ಟಿಕೊಂಡರೆ ಆ ಸಾಲಿನಲ್ಲಿ ಕಾಂಜುಗೇಟ್ (ಬಣ್ಣ ಬರಿಸುವ ದ್ರವ) ಉಳಿದು ಬಣ್ಣ ಬರುತ್ತದೆ. ರಿಯಾಕ್ಟಿವ್ ಬಾವಿಗಳು ಒಂದೇ ಗೆರೆಯಲ್ಲಿದ್ದರೆ ದೋಷ ದಾನಿಗಳಲ್ಲಿಲ್ಲ, ಯಂತ್ರದಲ್ಲಿದೆ. ಎರಡನೆಯದು ಸೀರಂ. ಪೂರ್ತಿ ಹೆಪ್ಪುಗಟ್ಟುವ ಮುಂಚೆ ಸೆಂಟ್ರಿಫ್ಯೂಜ್ ಮಾಡಿದರೆ ಫೈಬ್ರಿನ್ ಎಳೆ ಬಾವಿಗೆ ಬಂದು ಸುಳ್ಳು ಬಣ್ಣ ಕೊಡುತ್ತದೆ. ಮೂರನೆಯದು, 2ರಿಂದ 8 ಡಿಗ್ರಿಯಲ್ಲಿಟ್ಟ ಕಿಟ್ಟನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸುವುದು. ಅರ್ಧ ಗಂಟೆಯಾದರೂ ಹೊರಗಿಟ್ಟು ಕೋಣೆಯ ಬಿಸಿಗೆ ಬರಲಿ. ಇನ್‌ಕ್ಯುಬೇಟರಿನಲ್ಲಿ ಪ್ಲೇಟ್ ಇದ್ದಾಗ ಕರೆಂಟ್ ಹೋದರೆ ಅಂದಾಜಿನ ಮೇಲೆ ಸಮಯ ಹೆಚ್ಚಿಸಬೇಡಿ, ಆ ಪ್ಲೇಟ್ ಬಿಟ್ಟುಬಿಡಿ. ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್) ಸರಿ ಬರದಿದ್ದರೂ ಅಷ್ಟೇ: ಒಂದೆರಡು ಫಲಿತಾಂಶ ಮಾತ್ರ ಉಳಿಸಿಕೊಳ್ಳುವ ಮಾತೇ ಇಲ್ಲ, ಇಡೀ ರನ್ ಮತ್ತೆ ಮಾಡಬೇಕು.

ರ‍್ಯಾಪಿಡ್ ಕಾರ್ಡ್ ಬಳಸುವವರಿಗೆ: ಗಡಿಯಾರ ನೋಡಿ ಓದಿ. ಕಿಟ್ಟಿನಲ್ಲಿ ಬರೆದ ಸಮಯ ಮೀರಿದ ಮೇಲೆ ಮೂಡುವ ಮಸುಕು ಗೆರೆಗೆ ಅರ್ಥವಿಲ್ಲ. ಸಮಯದೊಳಗೆ ಮೂಡಿದ ಮಸುಕು ಗೆರೆಯನ್ನು ಮಾತ್ರ ರಿಯಾಕ್ಟಿವ್ ಎಂದೇ ಎಣಿಸಿ.

ರಿಯಾಕ್ಟಿವ್ ಎಂದರೆ ಬ್ಯಾಗ್ ಕೆಟ್ಟಿತು ಎಂದರ್ಥ, ದಾನಿಗೆ ರೋಗವಿದೆ ಎಂದಲ್ಲ. ಬ್ಯಾಗನ್ನು ತಕ್ಷಣ ಬೇರೆ ಮಾಡಿ ನಿಯಮದಂತೆ ನಾಶಪಡಿಸಿ. ದಾನಿಯನ್ನು ಖುದ್ದಾಗಿ ಕರೆಸಿ, ಖಾತರಿ ಪರೀಕ್ಷೆಗೆ ಕಳಿಸಿ. ಫೋನಿನಲ್ಲಿ ರೋಗದ ಹೆಸರು ಹೇಳಬೇಡಿ; ಆ ಫೋನ್ ಮನೆಯಲ್ಲಿ ಯಾರ ಕೈಯಲ್ಲಿದೆಯೋ ಗೊತ್ತಿರುವುದಿಲ್ಲ.

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ಶುಶ್ರೂಷಾಧಿಕಾರಿ): ನಮ್ಮದು ಬರೀ ರಕ್ತ ಶೇಖರಣಾ ಘಟಕ. ಕರೆಂಟ್ ಹೋದಾಗ ಬ್ಯಾಗುಗಳನ್ನು ಐಸ್ ಪೆಟ್ಟಿಗೆಗೆ ಹಾಕಿಬಿಡಬಹುದೇ?

ಉತ್ತರ (ತಂತ್ರಜ್ಞೆ): ಐಸ್ ನೇರ ತಾಗುವಂತೆ ಬೇಡ. ರಕ್ತ ಮಂಜುಗಡ್ಡೆಯಂತೆ ಗಟ್ಟಿಯಾದರೆ ಕೆಂಪು ಕಣ ಒಡೆಯುತ್ತದೆ. ಒಡೆದ ಕಣದ ರಕ್ತ ಏರಿಸಿದರೆ ಕಿಡ್ನಿಗೆ ಪೆಟ್ಟು. ಐಸ್ ಪ್ಯಾಕಿಗೂ ಬ್ಯಾಗಿಗೂ ನಡುವೆ ದಪ್ಪ ರಟ್ಟು ಅಥವಾ ಥರ್ಮಾಕೋಲ್ ಇರಲಿ, ಒಳಗೊಂದು ಥರ್ಮಾಮೀಟರ್ ಇರಲಿ. ಕರೆಂಟ್ ಹೋದ ಕೂಡಲೇ ಪೆಟ್ಟಿಗೆಗೆ ಓಡಬೇಕಿಲ್ಲ. ಮೊದಲು ಫ್ರಿಜ್ಜಿನ ಬಾಗಿಲು ತೆರೆಯದೆ ಜನರೇಟರ್ ಹಾಕಿಸಿ. ಮನೆಯ ಫ್ರಿಜ್ ಯಾವ ಕಾರಣಕ್ಕೂ ಬೇಡ, ಅದರಲ್ಲಿ ಬಾಗಿಲ ಹತ್ತಿರ ಒಂದು ಶಾಖ, ಹಿಂಭಾಗದಲ್ಲಿ ಇನ್ನೊಂದು.

ಉಷ್ಣತೆ 2ರಿಂದ 6 ಡಿಗ್ರಿ. ನಾಲ್ಕು ಗಂಟೆಗೊಮ್ಮೆ ಬರೆದಿಡಿ. ಸಿಪಿಡಿಎ-1 (ರಕ್ತ ಕೆಡದಂತೆ ಕಾಯುವ ದ್ರಾವಣ) ಇರುವ ಬ್ಯಾಗಿನ ಆಯಸ್ಸು 35 ದಿನ, ಸ್ಯಾಗ್-ಎಂ ಎಂಬ ಪೋಷಕ ದ್ರಾವಣ ಸೇರಿಸಿದ ಕೆಂಪು ಕಣಕ್ಕೆ 42 ದಿನ. ಹಳೆಯದು ಮೊದಲು ಹೋಗಲಿ. ಮೇಲಿನ ದ್ರವ ನೇರಳೆ ಅಥವಾ ಕಪ್ಪಾಗಿದ್ದರೆ, ಗಡ್ಡೆ ಅಥವಾ ಗುಳ್ಳೆ ಕಂಡರೆ ಬಳಸಬೇಡಿ.

ಪ್ರಶ್ನೆ (ಸಣ್ಣ ನರ್ಸಿಂಗ್ ಹೋಮಿನ ವೈದ್ಯೆ): ರಾತ್ರಿ ಹೆರಿಗೆಯಾಗಿ ರಕ್ತಸ್ರಾವ ನಿಲ್ಲುತ್ತಿಲ್ಲ, ರಕ್ತ ಕೇಂದ್ರ ಎರಡು ಗಂಟೆಯ ದಾರಿ. ಬಾಣಂತಿಯ ಅಣ್ಣ ಅದೇ ಗುಂಪಿನವನು, ಅಲ್ಲೇ ಇದ್ದಾನೆ. ನೇರ ಅವನದೇ ತೆಗೆದು ಕೊಡಬಹುದೇ?

ಉತ್ತರ (ವೈದ್ಯರು): ಬೇಡ ಮೇಡಂ. ಲೈಸೆನ್ಸ್ ಇಲ್ಲದೆ ರಕ್ತ ತೆಗೆಯುವುದು ಅಪರಾಧ ಎಂಬುದು ಒಂದು. ಅದಕ್ಕಿಂತ ದೊಡ್ಡದು ವೈದ್ಯಕೀಯ ಕಾರಣ. ಒಡಹುಟ್ಟಿದವರ ತಾಜಾ ರಕ್ತದ ಲಿಂಫೋಸೈಟುಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಬಿಡಬಹುದು. ಆಗ ಅವೇ ಬೆಳೆದು ರೋಗಿಯ ಚರ್ಮ, ಕರುಳು, ಯಕೃತ್ತು, ಮಜ್ಜೆಯ ಮೇಲೆ ತಿರುಗಿ ಬೀಳುತ್ತವೆ. ಒಂದೆರಡು ವಾರದಲ್ಲಿ ಜ್ವರ, ದದ್ದು, ಭೇದಿ. ಬಂದವರಲ್ಲಿ ಬಹುತೇಕ ಯಾರೂ ಉಳಿಯುವುದಿಲ್ಲ. ಅಪರೂಪದ ಕಾಯಿಲೆ, ಆದರೆ ಚಿಕಿತ್ಸೆ ಇಲ್ಲ. ರಕ್ತಸಂಬಂಧಿಯದೇ ಕೊಡಬೇಕಾದರೆ 25 ಗ್ರೇ ವಿಕಿರಣ ಹಾಯಿಸಿ ಕೊಡಬೇಕು. "ಸ್ವಂತ ಅಣ್ಣನ ರಕ್ತವೇ ಒಳ್ಳೆಯದು" ಎಂಬ ನಂಬಿಕೆ ನಮ್ಮ ಜನರಲ್ಲಿ ಬಹಳ ಗಟ್ಟಿ. ಅದು ತಲೆಕೆಳಗು.

ಆ ಎರಡು ಗಂಟೆಯಲ್ಲಿ ಕೈಲಿರುವುದು: ಗರ್ಭಕೋಶ ತಿಕ್ಕುವುದು, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್, ಹೆರಿಗೆಯಾದ ಮೂರು ಗಂಟೆಯೊಳಗೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಹತ್ತು ನಿಮಿಷದಲ್ಲಿ ರಕ್ತನಾಳಕ್ಕೆ, ಎರಡು ದಪ್ಪ ಸೂಜಿಯಲ್ಲಿ ಸಲೈನ್. ಆಂಬ್ಯುಲೆನ್ಸ್ ಹೊರಡುವಾಗಲೇ ಗುಂಪು ಹೇಳಿ ರಕ್ತ ಎತ್ತಿಡಿಸಿ. ಇದಕ್ಕೂ ಮೊದಲಿನ ಕೆಲಸ ಬಸುರಿನಲ್ಲೇ ಇದೆ. ದಿನಕ್ಕೊಂದು ಕಬ್ಬಿಣದ ಮಾತ್ರೆ 180 ದಿನ ನಿಜವಾಗಿ ಹೊಟ್ಟೆಗೆ ಹೋಗಿದೆಯೇ ಎಂದು ಕೇಳಿ. ಹಿಮೋಗ್ಲೋಬಿನ್ 11 ಇರುವವಳು ತಡೆದುಕೊಳ್ಳುವ ರಕ್ತಸ್ರಾವವನ್ನು 7 ಇರುವವಳು ತಡೆಯಲಾರಳು. ನೆಗೆಟಿವ್ ಗುಂಪಿನ ಬಸುರಿಯರ ಪಟ್ಟಿ ಬೇರೆ ಇಟ್ಟು, ದಿನ ಹತ್ತಿರವಾದಾಗ ರಕ್ತ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್): ರೋಗಿ ಒ ಪಾಸಿಟಿವ್. ಆದರೆ ಯಾವ ಒ ಬ್ಯಾಗ್ ಹಾಕಿದರೂ ಕ್ರಾಸ್‌ಮ್ಯಾಚ್‌ನಲ್ಲಿ (ರೋಗಿಯ ಸೀರಂ, ಬ್ಯಾಗಿನ ಕಣ ಸೇರಿಸಿ ನೋಡುವ ಪರೀಕ್ಷೆ) ಗಂಟು ಕಟ್ಟುತ್ತಿದೆ.

ಉತ್ತರ (ತಂತ್ರಜ್ಞೆ): ರಿವರ್ಸ್ ಗ್ರೂಪಿಂಗ್ (ರೋಗಿಯ ಸೀರಂಅನ್ನು ಗುಂಪು ಗೊತ್ತಿರುವ ಕಣಗಳ ಜೊತೆ ನೋಡುವುದು) ಮಾಡಿದಿರಾ? ಒ ಕಣಗಳ ಜೊತೆಗೂ ಗಂಟು ಕಟ್ಟಿದರೆ ಬಾಂಬೆ ಗುಂಪು ಇರಬಹುದು. ಆಂಟಿ-ಎಚ್ ಹಾಕಿ ನೋಡಿ. ಅದಕ್ಕೆ ರೋಗಿಯ ಕಣ ಗಂಟು ಕಟ್ಟದಿದ್ದರೆ ಬಹುಮಟ್ಟಿಗೆ ಅದೇ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಗುಂಪು ಇದು. ಎ, ಬಿ ಮಾತ್ರವಲ್ಲ, ಒ ಗುಂಪಿನವರ ಕೆಂಪು ಕಣದ ಮೇಲಿರುವ ಎಚ್ ಪ್ರತಿಜನಕ ಕೂಡ ಇವರಲ್ಲಿಲ್ಲ. ಆದ್ದರಿಂದ ಒ ರಕ್ತವೂ ಇವರಿಗೆ ವಿಷ. ಬಾಂಬೆ ಗುಂಪಿನವರದೇ ಬೇಕು. ರೋಗಿಯ ಅಣ್ಣತಮ್ಮ, ಅಕ್ಕತಂಗಿಯರನ್ನು ಮೊದಲು ಪರೀಕ್ಷಿಸಿ, ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ ಇರುತ್ತದೆ. ಸಿಕ್ಕರೆ ರಕ್ತ ಕೇಂದ್ರದಲ್ಲೇ ತೆಗೆಸಿ, ಡಾಕ್ಟ್ರು ಮೇಲೆ ಹೇಳಿದ ವಿಕಿರಣ ಮರೆಯಬೇಡಿ. ರೋಗಿಯ ಕಣ ಮಾತ್ರ ನೋಡಿ ಗುಂಪು ಹೇಳುವ, ರಿವರ್ಸ್ ಗ್ರೂಪಿಂಗ್ ಮಾಡದ ಲ್ಯಾಬಿನಲ್ಲಿ ಇವರೆಲ್ಲ ಒ ಎಂದೇ ಕಾರ್ಡ್ ಹಿಡಿದು ತಿರುಗುತ್ತಾರೆ.

ಪ್ರಶ್ನೆ (ವಾರ್ಡ್ ನರ್ಸ್): ಬ್ಯಾಗ್ ವಾರ್ಡಿಗೆ ಬಂದ ಮೇಲೆ ನಮ್ಮ ಕೈಯಲ್ಲಿ ಏನು ತಪ್ಪಬಹುದು?

ಉತ್ತರ (ವೈದ್ಯರು): ಎಲ್ಲಕ್ಕಿಂತ ಕೆಟ್ಟದ್ದು ತಪ್ಪು ರೋಗಿಗೆ ಹೋಗುವುದು. ಸ್ಯಾಂಪಲ್ ತೆಗೆದ ಹಾಸಿಗೆಯ ಪಕ್ಕದಲ್ಲೇ ಟ್ಯೂಬಿನ ಮೇಲೆ ಹೆಸರು ಬರೆಯಿರಿ, ಡೆಸ್ಕಿಗೆ ಹೋಗಿ ಬರೆಯಬೇಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಸಾಮಾನ್ಯ, ಆದ್ದರಿಂದ ಆಸ್ಪತ್ರೆ ನಂಬರ್ ನೋಡಿ. "ನೀವು ಲಕ್ಷ್ಮಮ್ಮನಾ?" ಎಂದರೆ ಅರೆಪ್ರಜ್ಞೆಯಲ್ಲಿರುವವರು ಹೂಂ ಅನ್ನುತ್ತಾರೆ. "ನಿಮ್ಮ ಹೆಸರೇನಮ್ಮ?" ಎಂದು ಕೇಳಿ. ಏರಿಸುವ ಮೊದಲು ಇಬ್ಬರು ಸೇರಿ ಬ್ಯಾಗ್, ಚೀಟಿ, ರೋಗಿ ಮೂರನ್ನೂ ತಾಳೆ ನೋಡಿ.

ಬಿಸಿನೀರಿನಲ್ಲಿ ಅದ್ದಬೇಡಿ. ಅದೇ ನಳಿಕೆಯಲ್ಲಿ ಡೆಕ್ಸ್‌ಟ್ರೋಸ್ ಹೋದರೆ ಕಣ ಒಡೆಯುತ್ತದೆ, ರಿಂಗರ್ ಲ್ಯಾಕ್ಟೇಟ್ ಹೋದರೆ ಅದರ ಕ್ಯಾಲ್ಸಿಯಂನಿಂದ ಗಡ್ಡೆ ಕಟ್ಟುತ್ತದೆ. ನಾರ್ಮಲ್ ಸಲೈನ್ ಮಾತ್ರ ಸರಿ. ಫಿಲ್ಟರ್ ಇರುವ ರಕ್ತದ ಸೆಟ್ಟೇ ಬೇಕು. ಮೊದಲ 15 ನಿಮಿಷ ನಿಧಾನ ಹನಿ, ನೀವು ಪಕ್ಕದಲ್ಲೇ. ಫ್ರಿಜ್ಜಿನಿಂದ ಹೊರಬಂದ ನಾಲ್ಕು ಗಂಟೆಯೊಳಗೆ ಮುಗಿಯಬೇಕು.

ಚಳಿ ನಡುಕ, ಸೊಂಟನೋವು, ಉಸಿರುಕಟ್ಟು, ಕೆಂಪು ಮೂತ್ರ ಕಂಡರೆ ಮೊದಲು ರಕ್ತ ನಿಲ್ಲಿಸಿ, ಆಮೇಲೆ ಡಾಕ್ಟರನ್ನು ಕರೆಯಿರಿ. ಸೂಜಿ ತೆಗೆಯಬೇಡಿ, ಹೊಸ ಸೆಟ್ಟಿನಲ್ಲಿ ಸಲೈನ್ ಹಾಕಿ. ಹೆಸರು ಮತ್ತೆ ತಾಳೆ ನೋಡಿ, ಯಾಕೆಂದರೆ ಬ್ಯಾಗ್ ಅದಲುಬದಲಾಗಿದ್ದರೆ ಇನ್ನೊಂದು ಹಾಸಿಗೆಯವರಿಗೂ ತಪ್ಪು ರಕ್ತ ಹೋಗುತ್ತಿರಬಹುದು. ಉಳಿದ ಬ್ಯಾಗ್, ಸೆಟ್, ಹೊಸ ಸ್ಯಾಂಪಲ್, ಮೂತ್ರ ಎಲ್ಲವನ್ನೂ ರಕ್ತ ಕೇಂದ್ರಕ್ಕೆ ಕಳಿಸಿ.

ಪ್ರಶ್ನೆ (ಅದೇ ನರ್ಸ್): ಆಪರೇಷನ್ ಮುಂದಕ್ಕೆ ಹೋದರೆ ತಂದ ಬ್ಯಾಗ್ ವಾಪಸ್ ಕೊಡಬಹುದೇ ಸರ್?

ಉತ್ತರ (ವೈದ್ಯರು): ಸೀಲ್ ಒಡೆಯದೆ, ತಂಪು ಪೆಟ್ಟಿಗೆಯಿಂದ ಹೊರಗೆ 30 ನಿಮಿಷದೊಳಗಿದ್ದರೆ ಕೊಡಬಹುದು. ಅದಕ್ಕೆ ಮೀರಿದರೆ ಸೇರುವುದಿಲ್ಲ. ಆದ್ದರಿಂದ ಥಿಯೇಟರಿನಿಂದ ಕರೆ ಬರುವವರೆಗೆ ಬ್ಯಾಗನ್ನು ರಕ್ತದ ಫ್ರಿಜ್ಜಿನಿಂದ ತೆಗೆಯಲೇಬೇಡಿ.